ಗಿರಿಜಕ್ಕನ ಬನ್ನಿವಹಿ

ಮಹಾನವಮಿ ಹತ್ತಿರ ಬಂತೆಂದರೆ ಅಂಕಲಿಯ ಹೆಂಗಸರಿಗೆ ಸೊಂಟ ನೆಟ್ಟಗೆ ಮಾಡಲು ಪುರುಸೊತ್ತಿರುವುದಿಲ್ಲ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ಹಿತ್ತಾಳೆ ಸಾಮಾನಿಗೆ ಹುಣಸೆಹಣ್ಣು, ಮನೆಯ ಕೌದಿಗಳಿಗೆಲ್ಲ ಕೃಷ್ಣಾ ಹೊಳೆ. ಅಷ್ಟು ದಿನ ನಮ್ಮ ಮನೆಯ ಇಬ್ಬರು ಸೊಸೆಯಂದಿರೂ ಸಮಸಮ ದುಡಿಯುತ್ತಿದ್ದೆವು, ಅದರಲ್ಲಿ ಎರಡು ಮಾತಿಲ್ಲ. ಬನ್ನಿ ಮುಡಿದ ಮರುದಿನದಿಂದ ಮಾತ್ರ ತಕ್ಕಡಿ ಒಂದು ಕಡೆ ವಾಲುತ್ತಿತ್ತು. ನನ್ನ ನೆಗೆಣ್ಣಿ ಗಿರಿಜವ್ವ ಮಧ್ಯಾಹ್ನದ ಊಟ ಮುಗಿಸಿ, ಕೈತೊಳೆದು, ಅಟ್ಟದ ಮೇಲಿನ ಚಿತ್ರದ ವಹಿ ಇಳಿಸಿಕೊಂಡು ಬಾವಿಯ ಕಟ್ಟೆಗೆ ಹೋಗಿ ಕೂತುಬಿಡುತ್ತಿದ್ದಳು. ಮುಸುರೆ ಪಾತ್ರೆಗಳೆಲ್ಲ ನನ್ನ ಪಾಲಿಗೆ.

ನೋಟ್‌ಬುಕ್ಕಿಗೆ ನಮ್ಮ ಕಡೆ ವಹಿ ಎನ್ನುತ್ತಾರೆ. ಬನ್ನಿ ಹಬ್ಬಕ್ಕೆ ಅಟ್ಟದಿಂದ ಇಳಿಯುವ ವಹಿಯಾದ್ದರಿಂದ ನಮ್ಮ ಅತ್ತೆ ಚನ್ನವ್ವ ಅದಕ್ಕೆ ಬನ್ನಿವಹಿ ಎಂದು ಹೆಸರಿಟ್ಟಿದ್ದಳು. ಊರಲ್ಲಿ ಬೇರೆ ಯಾರ ಮನೆಯಲ್ಲೂ ಅಂಥದ್ದೊಂದು ಇರಲಿಲ್ಲ. ಇದ್ದಿದ್ದರೆ ಆ ಮನೆಯ ಸಣ್ಣ ಸೊಸೆಯ ಜೊತೆ ಕೂತು ನಾನು ಒಂದಷ್ಟು ಹೊತ್ತು ದುಃಖ ಹಂಚಿಕೊಳ್ಳುತ್ತಿದ್ದೆ.

ಗಿರಿಜಕ್ಕ ಚಿತ್ರ ಕಲಿತವಳಲ್ಲ. ನಿಪ್ಪಾಣಿ ಹತ್ತಿರದ ಹಳ್ಳಿಯವಳು, ನಾಲ್ಕನೆಯ ಇಯತ್ತೆವರೆಗೆ ಮರಾಠಿ ಶಾಲೆಗೆ ಹೋದವಳು. ಸಿಟ್ಟು ಬಂದರೆ ಮರಾಠಿ, ಪ್ರೀತಿ ಬಂದರೆ ಕನ್ನಡ. ನಾನು ಈ ಮನೆಗೆ ಮದುವೆಯಾಗಿ ಬಂದದ್ದು ಎಂಬತ್ಮೂರರಲ್ಲಿ. ಮರುವರ್ಷದ ಮಹಾನವಮಿಯಲ್ಲಿ ಈ ವಹಿಯ ಕಥೆ ಶುರುವಾಯಿತು, ಅದೂ ನಮ್ಮ ಅತ್ತೆಯ ಒಂದು ಪದ್ಧತಿಯಿಂದ.

ಖಂಡೇನವಮಿಯ ದಿನ ಊರವರೆಲ್ಲ ಕುಡಗೋಲು, ಕೊಡಲಿ, ಕುಂಟೆಗಳನ್ನು ಪೂಜೆಗಿಡುತ್ತಾರೆ. ನಮ್ಮ ಅತ್ತೆ ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಒನಕೆ, ಬೀಸುಕಲ್ಲು, ಮೊರ, ಕಸಬರಿಗೆ, ಲಟ್ಟಣಿಗೆ, ಕೊನೆಗೆ ಹಂಚು ಹಿಡಿಯುವ ಇಕ್ಕಳ, ಎಲ್ಲಕ್ಕೂ ವಿಭೂತಿ, ಕುಂಕುಮ. ಮರುದಿನ ಬನ್ನಿ ಮುಡಿಯುವ ತನಕ ಯಾವುದನ್ನೂ ಮುಟ್ಟುವಂತಿಲ್ಲ. ಹಿಂದಿನ ದಿನ ಬಡಿದಿಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನಲ್ಲೇ ಊಟ.

"ವರ್ಷಾನಗಟ್ಟಲೆ ದುಡದಾವು. ಒಂದ ದಿನಾ ಮಲಗಲಿ ಬಿಡ್ರಿ," ಎನ್ನುತ್ತಿದ್ದಳು ಅತ್ತೆ. "ಅವುಗಳ ಜೋಡಿ ನೀವೂ ಮಲಗ್ರಿ."

ನನಗೆ ಮಲಗು ಎಂದು ಯಾರಾದರೂ ಎರಡು ಸಲ ಹೇಳಬೇಕಿಲ್ಲ. ಗಿರಿಜಕ್ಕನಿಗೆ ಮಾತ್ರ ಕೈ ಸುಮ್ಮನಿರದು. ಆ ದಿನ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿದಳು. ಕಿಟಕಿಯಲ್ಲಿ ಒಂದು ದಪ್ಪ ಕೆಂಪು ಪೆನ್ಸಿಲು ಬಿದ್ದಿತ್ತು. ದನ ಮೇವು ತಿನ್ನುವ ಗ್ವಾದಲಿಯ ರಿಪೇರಿಗೆ ಬಂದ ಬಡಿಗ ಮರೆತು ಹೋದದ್ದು. ಅದು ಪರರ ಆಯುಧ, ನಮ್ಮ ಪೂಜೆಯಲ್ಲಿ ಇರಲಿಲ್ಲ, ಆದ್ದರಿಂದ ಮುಟ್ಟಿದರೆ ತಪ್ಪಿಲ್ಲ ಎಂದು ಅಕ್ಕ ತಾನೇ ಕಾಯಿದೆ ಮಾಡಿಕೊಂಡಳು. ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಬೆನ್ನು ಮೇಲೆ ಮಾಡಿ, ದೇವರ ಮುಂದೆ ಕೂತು ಘಟದ ಸಸಿ ಬರೆದಳು. ಹಬ್ಬದ ಮೊದಲ ದಿನ ಮಣ್ಣಿನಲ್ಲಿ ಬಿತ್ತಿದ ಐದು ಧಾನ್ಯ ಅಷ್ಟರಲ್ಲಿ ಗೇಣುದ್ದ ಬೆಳೆದಿರುತ್ತದೆ. ದೇವರ ಮನೆಯ ಕತ್ತಲಲ್ಲಿ ಬೆಳೆದದ್ದರಿಂದ ಹಳದಿ ಬಣ್ಣ, ತಲೆಯೆಲ್ಲ ಬಾಗಿಲ ಕಡೆಗೆ.

ನಿದ್ದೆ ಮುಗಿಸಿ ಎದ್ದು ಬಂದು ನಾನು ಆ ಹಾಳೆ ನೋಡಿದೆ. ಹತ್ತಿಪ್ಪತ್ತು ಗೆರೆ, ಅಷ್ಟೇ. ಆದರೆ ಬಾಗಿಲು ಎಲ್ಲಿದೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಬೆಳಕಿಗಾಗಿ ಕತ್ತು ಚಾಚಿದ ಆ ಸಸಿಗಳನ್ನು ನೋಡಿ ನನಗೆ ಅದೇಕೋ ನನ್ನ ತವರು ನೆನಪಾಯಿತು. ಅಕ್ಕನಿಗೆ ಅದನ್ನು ಹೇಳಲಿಲ್ಲ. ಹೊಗಳಿದರೆ ಮರುದಿನವೂ ಮುಸುರೆ ನನಗೇ ಬರುತ್ತದೆಂಬ ಅಂದಾಜು ಆಗಲೇ ಇತ್ತು.

ಹೊಗಳದಿದ್ದರೂ ಬಂತು. ಅಕ್ಕನ ಗಂಡ, ನಮ್ಮ ಭಾವ ಬಾಬಾಸಾಹೇಬರು ಮಾತು ಕಮ್ಮಿಯ ಮನುಷ್ಯ. ಮುಂದಿನ ವಾರ ಚಿಕ್ಕೋಡಿಗೆ ಹೋದವರು ಬೆಲ್ಲ, ಚಹಪುಡಿಯ ಜೊತೆ ಶಾಲೆಯ ಮಕ್ಕಳ ದೊಡ್ಡ ಚಿತ್ರದ ವಹಿ ತಂದು, ಏನೂ ಹೇಳದೆ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟರು. ಆ ದಂಪತಿಗಳ ಪ್ರೀತಿ ಪ್ರೇಮವನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಶಾಲೆಯ ಪುಸ್ತಕದಲ್ಲಿ ನಾವು ಶರದೃತು ಎಂದು ಬಾಯಿಪಾಠ ಮಾಡಿದ್ದೆವು. ನಮ್ಮ ಹೊಲದಲ್ಲಿ ಅದಕ್ಕೆ ಆ ಹೆಸರಿಲ್ಲ. ಹಸ್ತದ ಮಳೆ ಹೋಗಿ ಚಿತ್ತಿ ಮಳೆ ಒಂದೆರಡು ಹನಿ ಉದುರಿಸುವ ಹೊತ್ತು ಅದು. ಮಳೆಗಾಲವೆಲ್ಲ ಕೆಂಪಗೆ ಹರಿದ ಹೊಳೆ ತಿಳಿಯಾಗುತ್ತದೆ, ದಂಡೆಯ ಕೆಸರು ಹಪ್ಪಳದಂತೆ ಬಿರಿಯುತ್ತದೆ. ಬದುವಿನ ಗುರೆಳ್ಳು ಹಳದಿ ಹೂ ಬಿಡುತ್ತದೆ. ಕಬ್ಬಿಗೆ ಬಿಳಿ ತುರಾಯಿ ಮೂಡುತ್ತದೆ. ಶೇಂಗಾ ಕಿತ್ತು ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ, ಅದನ್ನು ಬಿಟ್ಟರೆ ದೊಡ್ಡ ಕೆಲಸವಿಲ್ಲ. ಬಿಸಿಲಿದೆ ಆದರೆ ಸುಡುವುದಿಲ್ಲ. "ಈ ಬಿಸಲಿಗೆ ಎಲ್ಲಾ ತೊಳದಿಟ್ಟಂಗ ಕಾಣತೈತಿ ನೋಡು," ಎನ್ನುತ್ತಿದ್ದಳು ಅಕ್ಕ. ತೊಳೆದಿಡುವವಳು ನಾನು, ಕಾಣುವುದು ಅವಳಿಗೆ.

ಅವಳು ಬರೆಯುವ ರೀತಿ ನೋಡಿದರೆ ನನಗೆ ನಗು ಬರುತ್ತಿತ್ತು. ಅವಸರ ಎಂಬುದೇ ಇಲ್ಲ. ಒಂದು ಸೀತಾಫಲ ಎದುರಿಗೆ ಇಟ್ಟುಕೊಂಡು ಅರ್ಧ ಬರೆದು, ಹಸಿವಾದರೆ ಅದನ್ನೇ ತಿಂದುಬಿಡುತ್ತಿದ್ದಳು. ಚಿತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಅಳಿಸುವ ರಬ್ಬರು ಇಟ್ಟುಕೊಂಡವಳಲ್ಲ. ಎಮ್ಮೆಯ ಬೆನ್ನ ಮೇಲೆ ಕೂತ ಬೆಳ್ಳಕ್ಕಿ ಹಾರಿಹೋದರೆ ಎಮ್ಮೆಯೊಂದೇ ಉಳಿಯುತ್ತಿತ್ತು, ಎಮ್ಮೆ ಎದ್ದುಹೋದರೆ ಬೆಳ್ಳಕ್ಕಿಯೊಂದೇ. ಎಷ್ಟೋ ಸಲ ವಹಿಯನ್ನು ತಲೆದಿಂಬು ಮಾಡಿಕೊಂಡು ಕಟ್ಟೆಯ ಮೇಲೆ ನಿದ್ದೆ ಹೋಗಿರುತ್ತಿದ್ದಳು. ಒಂದು ಪುಟದಲ್ಲಿ ಅಡ್ಡಲಾಗಿ ಒಂದೇ ಒಂದು ಗೆರೆ ಇತ್ತು.

"ಏನಿದು?" ಎಂದೆ.

"ಹೊಳಿ."

"ಉಳದದ್ದು ಎಲ್ಲಿ ಐತಿ?"

"ಅಲ್ಲೇ ಐತಲ್ಲ, ಹೋಗಿ ನೋಡು," ಎಂದು ಹೊಳೆಯ ದಿಕ್ಕಿಗೆ ಪೆನ್ಸಿಲು ತೋರಿಸಿದಳು.

ನನ್ನ ಗಂಡ ಮುರಗೆಪ್ಪ ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಸೀಜನ್ ನೌಕರ. ದೀಪಾವಳಿ ದಾಟಿ ಕಬ್ಬು ಕಡಿಯುವ ಗ್ಯಾಂಗಿನವರ ಗಾಡಿಗಳು ಊರಿಗೆ ಬಂದವೆಂದರೆ ಅವರು ಟ್ರಂಕು ಹಿಡಿದು ಉಗಾರಕ್ಕೆ ಹೊರಡುತ್ತಿದ್ದರು. ಅದೇ ದಿನ ಅಕ್ಕ ವಹಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದಳು. "ಮೈದುನನ ಸೀಜನ್ ಸುರು ಆತು, ನಂದು ಮುಗೀತು," ಎನ್ನುತ್ತಿದ್ದಳು. ಆಮೇಲೆ ಮುಂದಿನ ಬನ್ನಿಯವರೆಗೆ ಪೆನ್ಸಿಲಿನ ಹೆಸರೆತ್ತುತ್ತಿರಲಿಲ್ಲ. ಒಂದು ವರ್ಷ ನನ್ನ ಗಂಡ, "ವೈನಿ, ಚಿಕ್ಕೋಡಿ ಕಾಲೇಜಿನಾಗ ಚಿತ್ರದ ಸ್ಪರ್ಧಾ ಐತಂತ, ಕಳಸೂಣೇನು?" ಎಂದು ಕೇಳಿದರು. ಅಕ್ಕ ನಕ್ಕು, "ನಾ ನಿದ್ದಿ ಮಾಡೂದಕ್ಕೂ ಒಂದ ಸ್ಪರ್ಧಾ ಇದ್ರ ಹೇಳು, ಎರಡಕ್ಕೂ ಕೂಡೇ ಬರ್ತೀನಿ," ಎಂದಳು.

ಇಷ್ಟು ನಿಶ್ಚಿಂತೆಯ ವಹಿಯಲ್ಲಿ ಒಂದೇ ಒಂದು ಅಂಜಿಕೆ ಇತ್ತು. ಮುಖ, ನಮ್ಮ ಮಾತಿನಲ್ಲಿ ಮಾರಿ.

ಎರಡನೆಯ ವರ್ಷ ಅವಳು ನಮ್ಮ ಬಿಳಿ ಎತ್ತಿನ ಮುಖ ಬರೆದಿದ್ದಳು. ಕೊಂಬು, ಕಣ್ಣು, ಹಣೆಯ ಸುಳಿ, ಎಲ್ಲ ಇದ್ದ ಹಾಗೇ. ಆ ದೀಪಾವಳಿಗೆ ಎತ್ತು ಹಸಿ ಮೇವು ತಿಂದು ಹೊಟ್ಟೆ ಉಬ್ಬರಿಸಿ ಸತ್ತಿತು. ಪಕ್ಕದ ಮನೆಯ ಸೋನಾಬಾಯಿ ನೋಡಲು ಬಂದವಳು ಗೋಡೆಗೊರಗಿಸಿದ್ದ ವಹಿಯನ್ನೂ ನೋಡಿದಳು. "ಮಾರಿ ತಗದು ಇಟ್ಟಿ. ಜೀವಾ ಇನ್ನೆಲ್ಲಿ ಇದ್ದೀತು?" ಎಂದಳು. ಸೋನಾಬಾಯಿಯ ನಾಲಿಗೆ ಹೊಳೆಯ ಆಚೆ ದಂಡೆಗೂ ಗೊತ್ತು. ನಾನಾಗಿದ್ದರೆ ಎರಡು ಮಾತು ಮರಳಿಸಿ ಕಳಿಸುತ್ತಿದ್ದೆ. ಅಕ್ಕ ಮಾತ್ರ ಆ ಮಾತನ್ನು ನುಂಗಿ ಕೂತಳು. ಅಂದಿನಿಂದ ಜೀವವಿರುವ ಯಾರ ಮುಖವನ್ನೂ ಬರೆಯಲಿಲ್ಲ. ಎಮ್ಮೆ ಬರೆದರೆ ಬೆನ್ನು ಕಡೆಯಿಂದ. ಜೋಳದ ಮೇವಿನ ಕಣಕಿ ಹೊತ್ತ ಹೆಂಗಸರನ್ನು ಬರೆದರೆ ಹೊರೆಯ ಕೆಳಗೆ ಬರೀ ಕಾಲು.

ಅವಳ ಅಂಜಿಕೆಗೆ ನಮ್ಮ ಮನೆಯ ಗೋಡೆಯೂ ಕುಮ್ಮಕ್ಕು ಕೊಡುತ್ತಿತ್ತು. ನಡುಮನೆಯ ಗೋಡೆಗೆ ಸಾಲಾಗಿ ಫೋಟೋ. ಎಲ್ಲರಿಗಿಂತ ಮುಂದೆ ಪಟಕಾ ಸುತ್ತಿದ ನಮ್ಮ ಮಾವನವರು. ಒಬ್ಬರೂ ಬದುಕಿರುವವರಿಲ್ಲ. ಬದುಕಿರುವವರನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದು ನಮ್ಮಲ್ಲಿಲ್ಲ. ಗೋಡೆ ಏರಿದವರಿಗೆ ದಿನಾ ವಿಭೂತಿ, ಹಬ್ಬಕ್ಕೆ ಮಾಲೆ.

ಆ ಸಾಲಿನಲ್ಲಿ ತನ್ನದೊಂದು ಮುಖ ಇರಬೇಕೆಂಬುದು ಅತ್ತೆಯ ಆಸೆ. ಮಾವನವರ ಫೋಟೋ ತೆಗೆಸುವಾಗ ಯಾರೂ ಅವಳನ್ನು ಪಕ್ಕಕ್ಕೆ ಕೂರಿಸಿರಲಿಲ್ಲ. ಸ್ಟುಡಿಯೋಕ್ಕೆ ಹೋಗಿ ದೀಪದ ಮುಂದೆ ಕೂರಲು ಅವಳಿಗೇ ನಾಚಿಕೆ. ಹೀಗಾಗಿ ಬನ್ನಿವಹಿ ಕೆಳಗಿಳಿದ ದಿನವೇ ಅವಳ ತಗಾದೆ ಶುರುವಾಗುತ್ತಿತ್ತು.

"ಕುಂಬಳಕಾಯಿ ತಗೀತಿ, ಕಾಗಿ ತಗೀತಿ. ನನ್ನ ಮಾರಿ ಏನ್ ಮಾಡೈತಿ ಗಿರಿಜಾ?"

"ಮುಂದಿನ ವರ್ಷ ತಗೀತೀನ್ರಿ ಅತ್ತಿ."

"ಮುಂದಿನ ವರ್ಷ ನಾ ಇರಲಿಲ್ಲಂದ್ರ?"

"ಅದಕ್ಕ ತಗಿಯಾಕ ಅಂಜತೀನ್ರಿ."

ಇದು ವರ್ಷಾ ವರ್ಷ ನಡೆಯುವ ಮಾತು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಕೇಳುವವಳು ಬಿಡುವುದಿಲ್ಲ, ಬರೆಯುವವಳು ಒಪ್ಪುವುದಿಲ್ಲ, ಜಗಳವಾಡಿ ಮುಗಿಸೋಣವೆಂದರೆ ಇಬ್ಬರೂ ನಗುತ್ತಲೇ ಮಾತಾಡುತ್ತಾರೆ. ಆದರೆ ಅಕ್ಕನ ಕಷ್ಟ ನನಗೆ ತಿಳಿಯುತ್ತಿತ್ತು. ಅತ್ತೆಯ ಮುಖ ಬರೆದು, ನಾಳೆ ಅತ್ತೆಗೆ ಏನಾದರೂ ಆದರೆ, ಸೋನಾಬಾಯಿಯಂಥವರು ಇರುವ ಊರಲ್ಲಿ ಸೊಸೆಯ ಗತಿ ಏನು? ಊರ ಬಾಯಿಯಾದರೂ ಹೋಗಲಿ, ಅವಳ ಮನಸ್ಸೇ ಅವಳನ್ನು ಬಿಡುತ್ತಿರಲಿಲ್ಲ.

ತೊಂಬತ್ತೈದರಲ್ಲಿ ಮತದಾರರ ಗುರುತಿನ ಚೀಟಿಗೆಂದು ಊರ ಶಾಲೆಯಲ್ಲಿ ಎಲ್ಲರ ಫೋಟೋ ತೆಗೆದರು. ಅತ್ತೆ ಹೊಸ ಸೀರೆ ಉಟ್ಟು ಹೋದಳು. ಚೀಟಿ ಬಂದಾಗ ನೋಡಿದರೆ, ದೀಪ ಝಗ್ಗೆಂದ ಹೊತ್ತಿಗೆ ಕಣ್ಣು ಮುಚ್ಚಿಕೊಂಡಿದ್ದಳು. ಅತ್ತೆ ಅದನ್ನು ಹೊರಳಿಸಿ ಹೊರಳಿಸಿ ನೋಡಿದಳು. "ಹೆಣದ ಫೋಟೋ ಆತಲ್ಲ ಬೇ ಇದು," ಎಂದಳು. ನಾವು ನಕ್ಕೆವು. ಅವಳು ನಗಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದು ಬಹಳ ದಿನ ಹಾಸಿಗೆ ಹಿಡಿಸಿತು. ಬನ್ನಿ ಹಬ್ಬದ ಹೊತ್ತಿಗೆ ಎದ್ದು ಓಡಾಡಿದಳೇನೋ ನಿಜ, ಆದರೆ ಕೆನ್ನೆ ಒಳಸರಿದು, ಬಳೆಗಳೆಲ್ಲ ಮೊಣಕೈವರೆಗೆ ಜಾರುತ್ತಿದ್ದವು. ಬನ್ನಿ ಕೊಟ್ಟು ಕಾಲಿಗೆ ಬಿದ್ದ ನಮ್ಮಿಬ್ಬರಿಗೆ, "ಬಂಗಾರದಂಗ ಇರ್ರಿ," ಎಂದು ಹರಸಿ, ಅಲ್ಲೇ ಕೂರಿಸಿಕೊಂಡಳು. ಈ ಸಲ ತಗಾದೆ ಮಾಡಲಿಲ್ಲ. ಬೇರೆಯೇ ಮಾತು ತೆಗೆದಳು.

ಅವಳ ತವರು ಹೊಳೆಯ ಆಚೆ, ಕಾಗವಾಡದ ಕಡೆಯ ಒಂದು ಹಳ್ಳಿ. ನನ್ನ ಗಂಡ ಹುಟ್ಟಿದ ವರ್ಷ ಹೊಳೆಗೆ ದೊಡ್ಡ ನೀರು. ಇವಳು ಹಸಿ ಬಾಣಂತಿ. ಆಚೆ ದಂಡೆಯಲ್ಲಿ ಇವಳ ತಾಯಿ ತೀರಿಕೊಂಡಳು. ಆಗ ಸೇತುವೆ ಇಲ್ಲ, ಆ ನೀರಿಗೆ ನಾವೆ ಬಿಡುವವರಿಲ್ಲ. ಹೊಳೆ ಇಳಿಯುವ ಹೊತ್ತಿಗೆ ತಾಯಿಯನ್ನು ಮಣ್ಣು ಮಾಡಿ ಎಲ್ಲ ಮುಗಿದಿತ್ತು.

"ಮಾರಿ ನೋಡಲಿಲ್ಲ ನಾನು," ಎಂದಳು ಅತ್ತೆ. "ಮೊದಲ ಮೊದಲ ಕಣ್ಣ ಮುಚ್ಚಿದ್ರ ಕಾಣತಿತ್ತು. ಆಮ್ಯಾಲ ಆಮ್ಯಾಲ ಮೂಗು ನೆನಪಾದ್ರ ಕಣ್ಣ ನೆನಪಾಗೂದಿಲ್ಲ. ಈಗ ಏನೂ ಇಲ್ಲ. ಹೆತ್ತ ತಾಯಿ ಮಾರಿ ಮರತೀನಿ ಬೇ ನಾನು. ಯಾರಿಗೆ ಹೇಳಲಿ ಇದನ್ನ? ನಾ ಫೋಟೋ ಕೇಳಿದ್ದು ಹೌಸಿಗಲ್ಲ, ಚೆಂದ ಕಾಣಾಕಲ್ಲ. ನಿಮಗೂ, ನಿಮ್ಮ ಮಕ್ಕಳಿಗೂ ಹಿಂಗ ಆಗಬಾರ್ದು."

ಇಷ್ಟು ವರ್ಷ ಅದನ್ನು ಮುದುಕಿಯ ಹಟ ಎಂದುಕೊಂಡಿದ್ದೆವು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಮರುದಿನ ಊಟವಾದ ಮೇಲೆ ವಹಿ ಇಳಿಸಿ, "ಬರ್ರಿ ಅತ್ತಿ, ಕುಂದರ್ರಿ," ಎಂದಳು ಅಕ್ಕ.

ಅತ್ತೆ ಕೂತ ಪರಿಯನ್ನು ಏನು ಹೇಳಲಿ! ಹಸಿರು ಇಳಕಲ್ ಸೀರೆ ಉಟ್ಟಳು, ಕಿವಿಗೆ ಬುಗುಡಿ ಇಟ್ಟಳು, ಹಣೆ ತುಂಬ ವಿಭೂತಿ ಧರಿಸಿದಳು, ಫೌಜದಾರನ ಮುಂದೆ ನಿಂತ ಸಾಕ್ಷಿಯ ಹಾಗೆ ಸೆಟೆದು ಕೂತಳು. ಕಣ್ಣು ಮುಚ್ಚಿಬಿಟ್ಟೇನೆಂಬ ಭಯಕ್ಕೆ ರೆಪ್ಪೆಯನ್ನೂ ಬಡಿಯದೆ ದಿಟ್ಟಿಸಿದಳು. ಅಕ್ಕನೂ ಹಾಗೆಯೇ ಸೆಟೆದು ಬರೆದಳು. ಮುಗಿದ ಮೇಲೆ ನೋಡಿದರೆ ಯಾವುದೋ ಸಿಟ್ಟಿನ ಗಂಡಸು ಸೀರೆ ಉಟ್ಟಂತಿತ್ತು. ಮರುದಿನ ಇನ್ನೊಂದು. ಅದು ಇನ್ನೂ ಕೆಟ್ಟದ್ದು. ಹನ್ನೊಂದು ವರ್ಷ ನಿದ್ದೆ ಮಾಡಿಕೊಂಡು ಬರೆದ ಕೈ ಎಚ್ಚರವಾಗಿ ಬರೆಯಲು ಒಲ್ಲೆ ಎಂದಿತು.

ನಾನೇ ರೇಗಿದೆ. "ಇಬ್ಬರೂ ಏಳ್ರಿ. ಅಂಗಳದಾಗ ಶೇಂಗಾ ಬಿದ್ದಾವು, ಒಬ್ಬಾಕಿನ ಎಷ್ಟಂತ ಬಿಡಸಲಿ? ಚಿತ್ರಾ ಆಮ್ಯಾಲ ತಗೀರಂತ."

ಅತ್ತೆ ಮುಖ ಸಣ್ಣದು ಮಾಡಿಕೊಂಡು ಎದ್ದು ಹಳೆಯ ಸೀರೆ ಉಟ್ಟು ಬಂದಳು. ಬುಗುಡಿ ತೆಗೆದಿಟ್ಟಳು. ಅಂಗಳದಲ್ಲಿ ಕಾಲು ಚಾಚಿ, ಬಳ್ಳಿಯಿಂದ ಶೇಂಗಾ ಬಿಡಿಸುತ್ತ ಕೂತಳು. ಸೆರಗು ಜಾರಿತು, ಬಿಳಿ ಕೂದಲು ಕಿವಿಯ ಮೇಲೆ ಬಿತ್ತು. ಅಕ್ಕ ಬಾವಿಯ ಕಟ್ಟೆಯ ಮೇಲೆ ಕೂತು ಸುಮ್ಮನೆ ಆ ರಾಶಿಯನ್ನು ಬರೆಯತೊಡಗಿದಳು, ಮೊದಲಿನ ಹಾಗೆ, ಅರೆಮನಸ್ಸಿನಿಂದ. ರಾಶಿಯಿಂದ ಕೈಗೆ ಬಂದಳು. ಕೈಯಿಂದ ಹೆಗಲಿಗೆ. ಅಷ್ಟರಲ್ಲಿ ಬೆಳ್ಳಕ್ಕಿಗಳ ಹಿಂಡೊಂದು ಹೊಳೆಯ ಕಡೆ ಹೋಯಿತು. ಅತ್ತೆ ತಲೆಯೆತ್ತಿ, ಅವು ಹೋದ ದಿಕ್ಕನ್ನು ನೋಡುತ್ತ ಬಹಳ ಹೊತ್ತು ಹಾಗೇ ಇದ್ದಳು. ಅವಳ ತವರು ಇದ್ದದ್ದು ಆ ಕಡೆಗೆ.

ಬಿಸಿಲು ಇಳಿದಾಗ ಅಕ್ಕ ವಹಿಯನ್ನು ಅತ್ತೆಯ ತೊಡೆಯ ಮೇಲೆ ಇಟ್ಟಳು. ಅತ್ತೆ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಬಗ್ಗಿದಳು. ನಾನು ಹೊಗಳಿಕೆಯನ್ನೋ ಬೈಗುಳವನ್ನೋ ಕಾದು ನಿಂತಿದ್ದೆ. ಅವಳು ಬೆರಳಿಂದ ಚಿತ್ರದ ಕೆನ್ನೆ ಮುಟ್ಟಿದಳು.

"ಇದು ನಾ ಅಲ್ಲ," ಎಂದಳು.

ಅಕ್ಕನ ಮುಖ ಬಾಡಿತು. "ಚಲೋ ಆಗಿಲ್ಲೇನ್ರಿ?"

"ಇದು ನಮ್ಮವ್ವ," ಎಂದಳು ಅತ್ತೆ. "ಹಿಂಗ... ಹಿಂಗ ನೋಡಾಕಿ. ನಾ ಗಂಡನ ಮನಿಗೆ ಹೊಂಟಾಗ ಗಾಡಿ ಹಿಂದ ನಿಂತು ಹಿಂಗ ನೋಡಿದ್ಲು. ಯವ್ವಾ, ಇಲ್ಲೆ ಅದೀ ಏನ ನೀ!"

ವಹಿಯನ್ನು ಎದೆಗೆ ಅವಚಿಕೊಂಡು ಸಣ್ಣ ಮಗುವಿನ ಹಾಗೆ ಅತ್ತಳು. ಅಷ್ಟು ವರ್ಷದ ಅಳು. ಜ್ವರದಿಂದ ಕೆನ್ನೆ ಒಳಸರಿದು, ವಯಸ್ಸಾಗಿ, ಕೂದಲು ಬೆಳ್ಳಗಾಗಿ ಅವಳು ತನ್ನ ತಾಯಿಯ ಹಾಗೆ ಆಗಿದ್ದಳು. ಕನ್ನಡಿ ನೋಡುವ ರೂಢಿ ಇಲ್ಲದ್ದಕ್ಕೆ ಅವಳಿಗೆ ಅದು ಗೊತ್ತಿರಲಿಲ್ಲ. ನಾವಿಬ್ಬರೂ ಅವಳ ಎರಡು ಪಕ್ಕ ಕೂತೆವು. ಆ ಸಂಜೆ ಶೇಂಗಾ ಬಿಡಿಸುವುದು ಅಲ್ಲಿಗೇ ನಿಂತಿತು.

ಕಟ್ಟು ಹಾಕಿಸಲೇಬೇಕೆಂದು ಅತ್ತೆ ತಾನೇ ನಮ್ಮ ಜೊತೆ ಬಸ್ಸು ಹತ್ತಿ ಚಿಕ್ಕೋಡಿಗೆ ಬಂದಳು. ಫ್ರೇಮಿನ ಅಂಗಡಿಯ ಶ್ರೀಪಾಲಣ್ಣ ಹಾಳೆಯನ್ನು ನೋಡಿದ, ಅತ್ತೆಯನ್ನು ನೋಡಿದ. ಅಕ್ಕ ನನ್ನ ಬೆನ್ನ ಹಿಂದೆ ಸರಿದಳು. ಬದುಕಿರುವವರ ಚಿತ್ರಕ್ಕೆ ಕಟ್ಟು ಹಾಕಿಸಲು ಬಂದಿದ್ದೇವೆಂದು ಎಲ್ಲಿ ಅಂದುಬಿಡುತ್ತಾನೋ ಎಂದು.

"ನಿಮ್ಮ ತಾಯಾರೇನ್ರಿ, ಅವ್ವಾರ?" ಎಂದ ಶ್ರೀಪಾಲಣ್ಣ.

"ಹೌದಪಾ," ಎಂದಳು ಅತ್ತೆ. ಅಂಥ ಹೆಮ್ಮೆಯನ್ನು ಅವಳ ಮುಖದಲ್ಲಿ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಗೋಡೆಗೆ ಹಾಕುವಾಗ ಭಾವನವರು ಮೇಲಿನ ಸಾಲಿಗೆ ಮೊಳೆ ಹೊಡೆಯಲು ಹೋದರು. ಅತ್ತೆ ಬೇಡವೆಂದಳು. ತನ್ನ ಕೈಗೆ ಎಟುಕುವಷ್ಟು ಕೆಳಗೆ ಹೊಡೆಸಿದಳು. ಹೀಗಾಗಿ ನಮ್ಮ ಗೋಡೆಯಲ್ಲಿ ಎಲ್ಲರೂ ಮೇಲಿದ್ದರೆ ಅದೊಂದು ಮಾತ್ರ ಕೆಳಗೆ. ಭಾವನವರು ಚಿತ್ರವನ್ನು ದಿಟ್ಟಿಸಿ, "ಖರೇ ಬೇ, ಆಯಿ ಹಿಂಗ ಇದ್ದಳು," ಎಂದರು. ಚಿಕ್ಕವರಿದ್ದಾಗ ಅಜ್ಜಿಯನ್ನು ಕಂಡಿದ್ದವರು ಅವರೊಬ್ಬರೇ.

ಅಂದು ಅಡುಗೆಮನೆಯಲ್ಲಿ ಅಕ್ಕ ಅತ್ತೆಯನ್ನು ಮೆಲ್ಲಗೆ ಕೇಳಿದಳು. "ಅತ್ತೀ, ಖರೇನ ನಿಮ್ಮವ್ವನಂಗ ಐತೇನ್ರಿ? ಇಲ್ಲಾ ನಾ ಅಂಜತೀನಂತ ಹಂಗ ಅಂದ್ರೋ?"

"ಎಳ್ಳಷ್ಟೂ ಸುಳ್ಳಿಲ್ಲ," ಎಂದಳು ಅತ್ತೆ. "ಆದ್ರ ಹುಚ್ಚಿ, ಇಲ್ಲೆ ಕೇಳು. ಇನ್ನ ನನಗ ಬ್ಯಾರೆ ಫೋಟೋ ಬ್ಯಾಡ. ನಾ ಹ್ವಾದ ದಿನಾ ಮಾಲಿ ಇದಕ್ಕ ಹಾಕ್ರಿ. ಸೋನಾಬಾಯಿ ಏನರೆ ಅಂದ್ರ, ಗಿರಿಜಾ ತಗದದ್ದು ಸತ್ತಾಕಿ ಚಿತ್ರಾ, ಚನ್ನವ್ವಂದಲ್ಲ ಅಂತ ಹೇಳು. ನಿನ್ನ ಪೆನ್ಸಿಲ್ ಮ್ಯಾಲ ಏನೂ ಬರೂದಿಲ್ಲ."

ಅಂದಿನಿಂದ ಅವಳಿಗೊಂದು ಹೊಸ ರೂಢಿ ಶುರುವಾಯಿತು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿಯನ್ನು ನೀರಿನಲ್ಲಿ ಕಲಸಿ, ಆ ಚಿತ್ರದ ಮುಂದೆ ನಿಲ್ಲುತ್ತಿದ್ದಳು. ಗಾಜಿನ ಮೇಲೆ, ಹಣೆಯಿರುವಲ್ಲಿ, ಮೂರು ಬೆರಳಿನಿಂದ ಎಳೆಯುತ್ತಿದ್ದಳು. ಹಿಂದಿನ ದಿನದ್ದನ್ನು ಒರೆಸುತ್ತಿರಲಿಲ್ಲ, ಅದರ ಮೇಲೆಯೇ. "ಯವ್ವಾ, ಊಟಾ ಆತೇನು?" ಎಂದು ಕೇಳುತ್ತಿದ್ದಳು. ಬರುವವರಿಗೆಲ್ಲ, "ನಮ್ಮವ್ವ," ಎಂದು ತೋರಿಸುತ್ತಿದ್ದಳು. ಸೋನಾಬಾಯಿಯೂ ನೋಡಿದಳು, ಬೇರೆ ಹೇಳಲು ಏನೂ ಸಿಗದೆ, "ನಿಮ್ಮಂಗ ಅದಾಳ ನೋಡ್ರಿ ಚನ್ನವ್ವಾರ," ಎಂದು ಹೋದಳು. ಅಕ್ಕನ ವಹಿ ಮತ್ತೆ ಮೊದಲಿನಂತೆ ಕುಂಬಳಕಾಯಿ, ಗುರೆಳ್ಳಿನ ಹೂ, ಅರ್ಧ ಸೀತಾಫಲಕ್ಕೆ ಮರಳಿತು.

ತೊಂಬತ್ತೇಳರ ಬೇಸಿಗೆಯ ಆರಂಭದಲ್ಲಿ ಅತ್ತೆ ಹೋದಳು. ನರಳಲಿಲ್ಲ. ಬೆಳಿಗ್ಗೆ ಚಿತ್ರಕ್ಕೆ ವಿಭೂತಿ ಹಚ್ಚಿ, ನನ್ನ ಕೈಯಿಂದ ಚಹ ಕುಡಿದು, ಕಂಬಕ್ಕೆ ಒರಗಿ ಕೂತವಳು ಏಳಲಿಲ್ಲ. ಕೂರಿಸಿ, ಹೂವಿನಿಂದ ಸಿಂಗರಿಸಿ, ಹೊಲದ ಮೂಲೆಯಲ್ಲಿ ಮಾವನವರ ಪಕ್ಕ ಮಣ್ಣು ಮಾಡಿ ಬಂದರು.

ಮನೆಯಲ್ಲಿ ಪೂಜೆಗೆ ಫೋಟೋ ಬೇಕಾಯಿತು. ಅತ್ತೆಯ ಮಾತು ನಾವಿಬ್ಬರೇ ಸೊಸೆಯಂದಿರು ಕೇಳಿದ್ದು, ಗಂಡಸರಿಗೆ ಗೊತ್ತಿರಲಿಲ್ಲ. ನಾವು ಅಳುವ ಗದ್ದಲದಲ್ಲಿದ್ದಾಗ ಭಾವನವರು ಆ ಮತದಾರರ ಚೀಟಿ ಹಿಡಿದು ಚಿಕ್ಕೋಡಿಯ ಸ್ಟುಡಿಯೋಕ್ಕೆ ಹೋಗಿದ್ದರು. ದೊಡ್ಡದು ಮಾಡಬಹುದು, ಮುಚ್ಚಿದ ಕಣ್ಣಿನ ಮೇಲೆ ಬಣ್ಣದಲ್ಲಿ ಬೇರೆ ಕಣ್ಣು ಕೂರಿಸಿ ಕೊಡುತ್ತೇವೆ ಎಂದರಂತೆ. ಬರಿಗೈಲಿ ಮರಳಿ ಬಂದು ನಡುಮನೆಯಲ್ಲಿ ಕೂತು ಮೊದಲ ಸಲ ಗಟ್ಟಿಯಾಗಿ ಅತ್ತರು. "ಹಡದ ತಾಯಿಗೆ ಬ್ಯಾರೆದವರ ಕಣ್ಣ ಹ್ಯಾಂಗ ಹಚ್ಚಸಲಿ?"

ಅಕ್ಕ ಎದ್ದು ಗೋಡೆಯ ಹತ್ತಿರ ಹೋದಳು.

"ಅವರು ಇಲ್ಲೇ ಅದಾರ," ಎಂದಳು. "ನಾ ತಗದದ್ದು ಅತ್ತೀನ್ನ. ಅವರಿಗೆ ತಮ್ಮವ್ವ ಕಂಡ್ರು. ನಾ ಹ್ವಾದ ದಿನಾ ಇದಕ್ಕ ಮಾಲಿ ಹಾಕ್ರಿ ಅಂತ ಅವರ ಬಾಯಿಲೆ ಹೇಳ್ಯಾರ."

ಭಾವನವರು ಚಿತ್ರದ ಮುಂದೆ ನಿಂತರು. ಪಕ್ಕದಲ್ಲಿ ನನ್ನ ಗಂಡ. ಇಷ್ಟು ದಿನ ಆಯಿ ಎಂದು ಕೈಮುಗಿದ ಮುಖ. ನೋಡುತ್ತ ನೋಡುತ್ತ ಇಬ್ಬರ ಬಾಯಿಂದಲೂ "ಯವ್ವಾ" ಎಂದೇ ಹೊರಟಿತು. ಊರ ಮಠದ ಅಯ್ಯನವರು ಪೂಜೆಗೆ ಬಂದು, ಮಾಲೆ ಹಾಕಿಸಿ, ವಿಭೂತಿ ಹಚ್ಚಲು ಕೈ ಚಾಚಿದವರು ಅಲ್ಲೇ ತಡೆದರು.

"ಹಚ್ಚೇ ಐತಲ್ಲ," ಎಂದರು. ಬರೀ ಬಿಲ್ವಪತ್ರೆ ಇಟ್ಟು ಕೈಮುಗಿದರು.

ಆ ವರ್ಷ ಮಹಾನವಮಿಯ ಮುಂಚೆ ಸುಣ್ಣ ಹಚ್ಚುವಾಗ ಗೋಡೆಯ ಫೋಟೋಗಳನ್ನೆಲ್ಲ ಇಳಿಸಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಮಾವನವರನ್ನು ಒರೆಸಿದೆ, ಅವರ ಅಪ್ಪನನ್ನು ಒರೆಸಿದೆ. ಕೆಳಗಿನದಕ್ಕೆ ಕೈ ಹಾಕಿದೆ.

"ಸಣ್ಣಾಕಿ, ಅದನ್ನ ಒರಸಬ್ಯಾಡ," ಎಂದಳು ಅಕ್ಕ ಏಣಿಯ ಮೇಲಿಂದ.

ನಾನು ಬಗ್ಗಿ ನೋಡಿದೆ. ಗಾಜಿನ ಮೇಲೆ ವಿಭೂತಿ ಪದರು ಪದರಾಗಿ ಒಣಗಿತ್ತು. ಅದರಲ್ಲಿ ಮೂರು ಬೆರಳಿನ ಗುರುತು ಹಾಗೆಯೇ ಇತ್ತು. ತಾಯಿಯ ಹಣೆಗೆಂದು ಅತ್ತೆ ತನ್ನ ಹಣೆಗೆ ತಾನೇ ಅಷ್ಟು ದಿನ ಹಚ್ಚಿಕೊಂಡಿದ್ದಳು. ಅವಳಿಗಾಗಿ ನಾವು ಹಚ್ಚುವುದಕ್ಕೆ ಏನನ್ನೂ ಉಳಿಸಿರಲಿಲ್ಲ. ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದೆ. ಅಕ್ಕ ಏಣಿಯಿಂದ ಇಳಿದು ಬಂದು, ಸುಣ್ಣದ ಕೈಯನ್ನು ನನ್ನ ಬೆನ್ನ ಮೇಲೆ ಇಟ್ಟಳು.

ಬನ್ನಿ ಮುಡಿದ ಮರುದಿನ ಊಟವಾದ ಮೇಲೆ ವಹಿ ಅಟ್ಟದಿಂದ ಇಳಿಯಿತು. ನಾನು ಮುಸುರೆ ಬುಟ್ಟಿ ಎತ್ತಿಕೊಂಡು ಹೊರಟಿದ್ದೆ.

"ಇಡು ಅದನ್ನ. ಇಲ್ಲಿ ಬಂದು ಕುಂದ್ರು," ಎಂದಳು ಅಕ್ಕ.

"ನನ್ನ ಮಾರಿ ತಗೀತಿ ಏನ? ಅಂಜಿಕಿ ಹೋತೇನು?"

"ಹೋತು."

"ಮುಸುರಿ ಯಾರು ತೊಳೀತಾರ?"

"ಇಬ್ಬರೂ ಕೂಡಿ ತೊಳ್ಯೂಣು. ಅವೆಲ್ಲಿ ಹೊಕ್ಕಾವು?"

ಇಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನಾನು ಸೆರಗು ಸರಿಮಾಡಿಕೊಂಡು ಸೆಟೆದು ಕೂತೆ. ಅಕ್ಕ ಎರಡು ಹಿಡಿ ಶೇಂಗಾ ಬಳ್ಳಿ ತಂದು ನನ್ನ ತೊಡೆಯ ಮೇಲೆ ಹಾಕಿದಳು. ನಾನು ತಲೆ ತಗ್ಗಿಸಿ ಬಿಡಿಸತೊಡಗಿದೆ.

"ಹಾಂ, ಹಂಗ," ಎಂದಳು ಕಟ್ಟೆಯ ಮೇಲಿಂದ. "ತಡಿ, ಯಾರ ಮಾರಿ ಬರ್ತೈತೋ ನೋಡೂಣು."